ಚಕ್ರವರ್ತಿ ತನಗಾಗಿ ಬರೆದುಕೊಂಡದ್ದು

ಭಟ್ಟಿಯಲ್ಲಿ ಬೇಯುವ ರೊಟ್ಟಿಯ ಮೇಲ್ಮೈ ಅಲ್ಲಲ್ಲಿ ಬಿರಿಯುತ್ತದೆ. ರೊಟ್ಟಿ ಮಾಡುವವನು ಬೇಕೆಂದು ಮಾಡಿದ ಬಿರುಕಲ್ಲ ಅದು. ಕಸುಬಿನ ಕಟ್ಟುನಿಟ್ಟಿನಲ್ಲಿ ನೋಡಿದರೆ ಅದೊಂದು ಕುಂದೇ ಸರಿ. ಆದರೂ ಕಣ್ಣು ಹೋಗುವುದು ಆ ಬಿರುಕಿನ ಕಡೆಗೇ, ಹಸಿವು ಕೆರಳುವುದೂ ಅದನ್ನು ಕಂಡೇ. ಅಂಜೂರ ಪೂರ್ತಿ ಮಾಗಿದಾಗ ಬಾಯಿ ಬಿಡುತ್ತದೆ. ಮರದಲ್ಲೇ ಕಳಿತು ಇನ್ನೇನು ಕೊಳೆಯಬೇಕು ಎನ್ನುವ ಆಲಿವ್ ಕಾಯಿಗೆ ಆ ಕೊನೆಯ ಹಂತದಲ್ಲೇ ಒಂದು ಕಳೆ ಬರುತ್ತದೆ. ಕಾಳು ತುಂಬಿ ನೆಲದ ಕಡೆಗೆ ಬಾಗಿದ ತೆನೆ, ಸಿಂಹದ ಹಣೆಯ ಸುಕ್ಕು, ಕಾಡುಹಂದಿಯ ಬಾಯಿಂದ ಇಳಿಯುವ ನೊರೆ, ಇವನ್ನೆಲ್ಲ ಬಿಡಿಬಿಡಿಯಾಗಿ ನೋಡಿದರೆ ಚೆಲುವೆನ್ನಲು ಏನೂ ಇಲ್ಲ. ಪ್ರಕೃತಿ ತನ್ನ ಕೆಲಸ ಮಾಡುತ್ತಿರುವಾಗ ಅದರ ಜೊತೆಗೇ ಹುಟ್ಟಿಬಂದವು ಅವು. ಆ ಕಾರಣಕ್ಕೇ ಅವು ನಮ್ಮನ್ನು ಸೆಳೆಯುತ್ತವೆ.

ಹೀಗೊಂದು ಮಾತನ್ನು ತನ್ನ ಟಿಪ್ಪಣಿಯಲ್ಲಿ ಗುರುತು ಹಾಕಿಕೊಂಡವನು ಮಾರ್ಕಸ್ ಔರೇಲಿಯಸ್. ಕ್ರಿ.ಶ. 161ರಿಂದ 180ರವರೆಗೆ ರೋಮ್ ಸಾಮ್ರಾಜ್ಯವನ್ನು ಆಳಿದ ಚಕ್ರವರ್ತಿ. ಇಂಗ್ಲಿಷಿನಲ್ಲಿ ‘ಮೆಡಿಟೇಷನ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಅವನ ಪುಸ್ತಕದ ಮೂರನೆಯ ಭಾಗದಲ್ಲಿ, ಎರಡನೆಯ ಟಿಪ್ಪಣಿಯಾಗಿ ಇದು ಬರುತ್ತದೆ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಇಂಥ ನೋಟ ಒಲಿದವನಿಗೆ ಮುದುಕಿಯ ಮುಖದಲ್ಲಿ, ಮುದುಕನ ಮುಖದಲ್ಲಿ ಮಾಗಿದ ಚೆಲುವು ಕಾಣುತ್ತದೆ ಎಂದು ಅವನು ಮುಂದುವರಿಸುತ್ತಾನೆ. ಮಾರ್ಕಸ್ ಸ್ಟೋಯಿಕ್ ಎಂಬ ತತ್ತ್ವಪಂಥದವನು. ಸ್ಟೋಯಿಕ್ ಎಂದೊಡನೆ ಕಲ್ಲಿನಂಥ ಮನಸ್ಸಿನವನು, ಸುಖದುಃಖ ಎರಡೂ ತಾಕದವನು ಎಂಬ ಚಿತ್ರ ನಮ್ಮಲ್ಲಿ ಬೇರೂರಿದೆ. ಆ ಚಿತ್ರವನ್ನು ಅಳಿಸಲು ನಾನು ಸ್ನೇಹಿತರ ಮುಂದೆ ಇಡುವುದು ಯಾವ ಸಿದ್ಧಾಂತವನ್ನೂ ಅಲ್ಲ, ಈ ರೊಟ್ಟಿಯ ಬಿರುಕನ್ನು. ಇಷ್ಟು ಹತ್ತಿರದಿಂದ ರೊಟ್ಟಿಯನ್ನು ನೋಡಿದವನ ಮನಸ್ಸು ಕಲ್ಲಾಗಿರಲು ಸಾಧ್ಯವಿಲ್ಲ.

ಅವನು ಇದನ್ನು ಬರೆದದ್ದು ಎಲ್ಲಿ ಎಂಬುದು ತಿಳಿದರೆ ಓದಿನ ರುಚಿ ಇನ್ನೂ ಏರುತ್ತದೆ. ಪುಸ್ತಕದ ಮೊದಲನೆಯ ಮತ್ತು ಎರಡನೆಯ ಭಾಗಗಳು ಸೇರುವಲ್ಲಿ ಒಂದು ಚಿಕ್ಕ ಉಲ್ಲೇಖವಿದೆ: ಕ್ವಾಡಿಗಳ ನಾಡಿನಲ್ಲಿ, ಗ್ರಾನುವಾ ನದಿಯ ಬಳಿ. ಇಂದು ಸ್ಲೊವಾಕಿಯಾದಲ್ಲಿ ಹರಿಯುವ ಹ್ರೊನ್ ನದಿ ಅದು. ಎರಡನೆಯ ಮತ್ತು ಮೂರನೆಯ ಭಾಗಗಳ ನಡುವೆ ಇನ್ನೊಂದು ಊರಿನ ಹೆಸರಿದೆ: ಕಾರ್ನುಂಟಮ್. ವಿಯೆನ್ನಾದಿಂದ ಪೂರ್ವಕ್ಕೆ, ಡ್ಯಾನ್ಯೂಬ್ ದಂಡೆಯಲ್ಲಿದ್ದ ರೋಮನ್ ಸೇನಾ ನೆಲೆ. ಕ್ರಿ.ಶ. 165ರ ಸುಮಾರಿಗೆ ಪೂರ್ವದ ಯುದ್ಧದಿಂದ ಮರಳಿದ ಸೈನಿಕರೊಡನೆ ಸಾಂಕ್ರಾಮಿಕವೊಂದು ಸಾಮ್ರಾಜ್ಯದ ಒಳಗೆ ಬಂದು ವರ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಅದೇ ಹೊತ್ತಿಗೆ ಉತ್ತರದ ಗಡಿಯಲ್ಲಿ ಮಾರ್ಕೊಮನ್ನಿ, ಕ್ವಾಡಿ ಮೊದಲಾದ ಪಂಗಡಗಳು ಡ್ಯಾನ್ಯೂಬ್ ದಾಟಿ ಒಳನುಗ್ಗಿದವು. ಜೊತೆಗೆ ಆಳುತ್ತಿದ್ದ ಲೂಸಿಯಸ್ ವೆರಸ್ 169ರಲ್ಲಿ ತೀರಿಕೊಂಡ. ಓದು, ಬರಹ, ತತ್ತ್ವಚಿಂತನೆ ಎಂದು ಬಾಲ್ಯದಿಂದ ಹಂಬಲಿಸಿದ್ದ ಮಾರ್ಕಸ್ ತನ್ನ ಐವತ್ತರ ಆಸುಪಾಸಿನ ವರ್ಷಗಳಲ್ಲಿ ಹೆಚ್ಚು ಭಾಗವನ್ನು ಕಳೆದದ್ದು ಈ ಗಡಿಯ ದಂಡಿನ ಬಿಡಾರಗಳಲ್ಲಿ. ಅಲ್ಲಿ ಕೂತು, ತನ್ನ ಆಡಳಿತದ ಭಾಷೆಯಾದ ಲ್ಯಾಟಿನ್ನನ್ನು ಬಿಟ್ಟು, ತತ್ತ್ವಶಾಸ್ತ್ರದ ಭಾಷೆಯಾದ ಗ್ರೀಕಿನಲ್ಲಿ ಅವನು ತನಗೆ ತಾನೇ ಬರೆದುಕೊಂಡ. ಹನ್ನೆರಡು ಭಾಗಗಳಾಗಿ ನಮಗೆ ಸಿಕ್ಕಿರುವ ಈ ಟಿಪ್ಪಣಿಗಳಿಗೆ ಅವನು ಮುನ್ನುಡಿ ಬರೆಯಲಿಲ್ಲ, ಓದುಗನೊಬ್ಬ ಇದ್ದಾನೆಂಬ ಸುಳಿವನ್ನೂ ಕೊಡಲಿಲ್ಲ. ‘ನೀನು’ ಎಂದು ಬರುವಲ್ಲೆಲ್ಲ ಆ ನೀನು ಮಾರ್ಕಸ್ಸೇ.

ಇದೇ ಸ್ಟೋಯಿಕ್ ಪರಂಪರೆಯ ಸೆನೆಕ ನೂರು ವರ್ಷ ಹಿಂದಿನವನು. ಅವನು ಲೂಸಿಲಿಯಸ್ ಎಂಬ ಗೆಳೆಯನಿಗೆ ಬರೆದ 124 ಪತ್ರಗಳನ್ನು ಓದುವುದೂ ಒಂದು ಸೊಗಸೇ. ಸಾರ್ವಜನಿಕ ಸ್ನಾನಗೃಹವೊಂದರ ಮೇಲ್ಗಡೆ ವಾಸವಿದ್ದುಕೊಂಡು, ಕೆಳಗಿನಿಂದ ಬರುವ ಸದ್ದುಗಳನ್ನು ಅವನು ವರ್ಣಿಸುವ ಪತ್ರವೊಂದಿದೆ. ಭಾರ ಎತ್ತುವವರ ಹೂಂಕಾರ, ಮೈ ತಿಕ್ಕುವವನ ಅಂಗೈ ಹೆಗಲ ಮೇಲೆ ಬೀಳುವ ಸಪ್ಪಳ, ನೀರಿಗೆ ಧುಮುಕುವವರ ಗದ್ದಲ, ಕಂಕುಳ ಕೂದಲು ಕೀಳಿಸಿಕೊಳ್ಳುವವನ ಕಿರುಚಾಟ, ತಿಂಡಿ ಮಾರುವವರ ಒಬ್ಬೊಬ್ಬರದೂ ಒಂದೊಂದು ರಾಗ. ಇಂಥ ಗಲಾಟೆಯ ನಡುವೆಯೂ ಮನಸ್ಸನ್ನು ಕೆಲಸದಲ್ಲಿ ನಿಲ್ಲಿಸುವುದು ಹೇಗೆಂಬುದು ಪತ್ರದ ವಿಷಯ. ಓದಿದರೆ ಎರಡು ಸಾವಿರ ವರ್ಷದ ಹಿಂದಿನ ರೋಮ್ ಕಿವಿಗೆ ಬೀಳುತ್ತದೆ. ಆದರೆ ಸೆನೆಕನ ಒಂದೊಂದು ವಾಕ್ಯಕ್ಕೂ ತನ್ನನ್ನು ಯಾರೋ ಓದುತ್ತಾರೆ ಎಂಬುದು ಗೊತ್ತು. ಮಾರ್ಕಸ್‌ನ ವಾಕ್ಯಗಳಿಗೆ ಅದು ಗೊತ್ತಿಲ್ಲ. ಅವು ಅರ್ಧಕ್ಕೆ ನಿಲ್ಲುತ್ತವೆ, ಹೇಳಿದ್ದನ್ನೇ ಹೇಳುತ್ತವೆ, ಒಮ್ಮೊಮ್ಮೆ ಬರೀ ಪಟ್ಟಿಯಾಗುತ್ತವೆ. ನನಗೆ ಈ ಒರಟೇ ಹೆಚ್ಚು ಪ್ರಿಯ.

ಕೆಲಸದ ಬಗ್ಗೆ ಅವನು ಬರೆದ ಅತ್ಯಂತ ಒಳ್ಳೆಯ ಪುಟ ಐದನೆಯ ಭಾಗದ ಮೊದಲನೆಯದು. ಸಂದರ್ಭ ಬಹಳ ಸಣ್ಣದು: ಬೆಳಗಾಗಿದೆ, ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ. ಚಳಿಯನ್ನು ತಾಳದ ದೇಹ ಅವನದು ಎಂದು ಇತಿಹಾಸಕಾರ ಡಿಯೋ ಕ್ಯಾಸಿಯಸ್ ಬರೆದಿದ್ದಾನೆ. ಎದೆಯ ನೋವು, ಹೊಟ್ಟೆಯ ನೋವು ಅವನನ್ನು ಬಿಡದೆ ಕಾಡುತ್ತಿದ್ದವು. ಅಂಥವನು ಬೆಚ್ಚನೆಯ ಹೊದಿಕೆಯೊಳಗೆ ಮಲಗಿ ತನ್ನೊಡನೆ ವಾದಕ್ಕಿಳಿಯುತ್ತಾನೆ. ಮನುಷ್ಯನಾಗಿ ಮಾಡಬೇಕಾದ ಕೆಲಸಕ್ಕೆ ಏಳುತ್ತಿದ್ದೇನೆ, ಹುಟ್ಟಿದ್ದೇ ಅದಕ್ಕಾಗಿ ಎಂದಮೇಲೆ ಗೊಣಗುವುದೇಕೆ ಎಂದು ಕೇಳಿಕೊಳ್ಳುತ್ತಾನೆ. ಇಲ್ಲೇ ಹಿತವಾಗಿದೆಯಲ್ಲ ಎಂದು ಇನ್ನೊಂದು ದನಿ ಉತ್ತರ ಕೊಡುತ್ತದೆ. ಹಾಗಾದರೆ ಹುಟ್ಟಿದ್ದು ಹಿತಕ್ಕೋ, ಮಾಡುವುದಕ್ಕೋ ಎಂದು ಮೊದಲ ದನಿ ಪಟ್ಟು ಬಿಡುವುದಿಲ್ಲ. ಗಿಡಗಳನ್ನು ನೋಡು, ಗುಬ್ಬಿ, ಇರುವೆ, ಜೇಡ, ಜೇನುಹುಳುಗಳನ್ನು ನೋಡು, ತಮ್ಮ ತಮ್ಮ ಪಾಲಿನ ಕೆಲಸ ಮಾಡಿಕೊಂಡು ಲೋಕವನ್ನು ನಡೆಸುತ್ತಿವೆ ಎನ್ನುತ್ತದೆ. ವಿಶ್ರಾಂತಿಯೂ ಬೇಕಲ್ಲ ಎಂದು ಎರಡನೆಯ ದನಿ ಮತ್ತೆ ತಡೆಯುತ್ತದೆ. ಬೇಕು, ಆದರೆ ಊಟಕ್ಕೆ ಇರುವ ಹಾಗೆ ಅದಕ್ಕೂ ಒಂದು ಮಿತಿಯಿದೆ. ವಿಶ್ರಾಂತಿಯಲ್ಲಿ ನೀನು ಮಿತಿ ದಾಟುತ್ತೀ, ಕೆಲಸದಲ್ಲಿ ಮಾತ್ರ ಮಿತಿಗಿಂತ ಹಿಂದೆಯೇ ಉಳಿಯುತ್ತೀ ಎಂಬ ಉತ್ತರ ಬರುತ್ತದೆ.

ಒಂದು ಪುಟದಲ್ಲಿ ಪೂರ್ತಿ ನಾಟಕ. ಸಾಮ್ರಾಜ್ಯದ ಯಜಮಾನನಿಗೂ ಹಾಸಿಗೆ ಬಿಟ್ಟೇಳಲು ಇಷ್ಟು ವಾದ ಬೇಕಾಯಿತು ಎಂಬ ಸಂಗತಿಯೇ ಮನಸ್ಸಿಗೆ ಒಂದು ಬಗೆಯ ಧೈರ್ಯ ಕೊಡುತ್ತದೆ. ಆದರೆ ಪುಟದ ಜೀವಾಳ ಇರುವುದು ಇನ್ನೂ ಮುಂದೆ. ತಮ್ಮ ಕಸುಬನ್ನು ಪ್ರೀತಿಸುವವರು ಸ್ನಾನ ಮರೆತು, ಊಟ ಮರೆತು ಅದರಲ್ಲಿ ಸವೆಯುತ್ತಾರೆ ಎಂದು ಅವನು ನೆನೆಯುತ್ತಾನೆ. ಲೋಹದ ಮೇಲೆ ಕೆತ್ತುವವನಿಗೆ ಕೆತ್ತನೆಯ ಮೇಲಿರುವ ಆದರ, ಕುಣಿಯುವವನಿಗೆ ಕುಣಿತದ ಮೇಲಿರುವ ಆದರ, ನಿನಗೆ ನಿನ್ನ ಸ್ವಭಾವದ ಮೇಲೆ ಇಲ್ಲವಲ್ಲ, ಸಮಾಜಕ್ಕಾಗಿ ಮಾಡುವ ಕೆಲಸ ನಿನಗೆ ಅವಕ್ಕಿಂತ ಕಡಿಮೆಯದಾಗಿ ಕಂಡಿತೇ ಎಂದು ತನ್ನನ್ನು ಕೇಳಿಕೊಳ್ಳುತ್ತಾನೆ. ಇಲ್ಲಿ ಕರ್ತವ್ಯದ ಚಾಟಿಯಿಲ್ಲ. ಕೆತ್ತನೆಗಾರನ ಮುಖದಲ್ಲಿ ಕಂಡ ತನ್ಮಯತೆಯನ್ನು ಚಕ್ರವರ್ತಿ ಆಸೆಗಣ್ಣಿನಿಂದ ನೋಡುತ್ತಿದ್ದಾನೆ. ಆಳುವ ಕೆಲಸವನ್ನೂ ಹಾಗೇ ಪ್ರೀತಿಸಲಾದೀತೇ ಎಂದು ಹಂಬಲಿಸುತ್ತಿದ್ದಾನೆ. ತಾನು ಆರಿಸಿಕೊಳ್ಳದ ಕೆಲಸ ಹೆಗಲ ಮೇಲೆ ಬಿದ್ದಿರುವ ಯಾರಿಗಾದರೂ ಈ ಪುಟ ತಮ್ಮದೆನಿಸುತ್ತದೆ.

ಇದರ ಪಕ್ಕದಲ್ಲಿ ಅವನು ಯುವಕನಾಗಿದ್ದಾಗ ಬರೆದ ಒಂದು ಪತ್ರವನ್ನು ಇಟ್ಟು ಓದಬೇಕು. ಅವನ ಭಾಷಣಕಲೆಯ ಗುರು ಫ್ರಾಂಟೊ. ಇಬ್ಬರ ನಡುವಿನ ಪತ್ರಗಳು ಶತಮಾನಗಟ್ಟಲೆ ಕಳೆದೇಹೋಗಿದ್ದವು. ಹಳೆಯ ಬರಹವನ್ನು ಅಳಿಸಿ ಮೇಲೆ ಬೇರೆ ಬರೆದಿದ್ದ ಚರ್ಮದ ಹಾಳೆಗಳಲ್ಲಿ ಅವನ್ನು ಗುರುತಿಸಿದವನು ಆಂಜೆಲೊ ಮಾಯಿ ಎಂಬ ವಿದ್ವಾಂಸ. 1815ರಲ್ಲಿ ಮಿಲಾನ್‌ನ ಆಂಬ್ರೋಸಿಯನ್ ಗ್ರಂಥಾಲಯದ ಹಸ್ತಪ್ರತಿಯಿಂದ ಅವು ಅಚ್ಚಿಗೆ ಬಂದವು. ಒಂದು ಪತ್ರದಲ್ಲಿ ಮಾರ್ಕಸ್ ದ್ರಾಕ್ಷಿ ಕೊಯ್ಲಿನ ದಿನವನ್ನು ಹೇಳುತ್ತಾನೆ. ಬೆಳಕು ಹರಿಯುವ ಮೊದಲೇ ಎದ್ದು ಕೇಟೋನ ಕೃಷಿ ಪುಸ್ತಕ ಓದಿದ್ದು, ಗಂಟಲಿಗೆ ಜೇನು ಬೆರೆಸಿದ ನೀರು ಮುಕ್ಕಳಿಸಿದ್ದು, ದ್ರಾಕ್ಷಿ ಕೀಳಲು ಹೋಗಿ ಬೆವರಿದ್ದು, ಮಂಚದ ಮೇಲೆ ಕೂತ ತಾಯಿಯೊಡನೆ ಫ್ರಾಂಟೊ ಬಗ್ಗೆಯೇ ಹರಟಿದ್ದು, ಎಣ್ಣೆ ಗಾಣದ ಕೋಣೆಯಲ್ಲಿ ರಾತ್ರಿಯ ಊಟ ಮಾಡುತ್ತಾ ಹಳ್ಳಿಗರು ಒಬ್ಬರನ್ನೊಬ್ಬರು ಕೆಣಕಿ ನಗುವುದನ್ನು ಕೇಳಿ ಸಂತೋಷಪಟ್ಟದ್ದು. ಇಷ್ಟೇ ಪತ್ರ. ಮುಂದೆ ರೊಟ್ಟಿಯ ಬಿರುಕನ್ನೂ ಅಂಜೂರದ ಬಾಯನ್ನೂ ಕಂಡ ಕಣ್ಣು ಆ ಗಾಣದ ಕೋಣೆಯಲ್ಲೇ ತಯಾರಾಗುತ್ತಿತ್ತು ಎಂದು ನನಗೆ ತೋರುತ್ತದೆ.

ಸ್ಟೋಯಿಕರಿಗೆ ದುಡಿಮೆ ಹೊಸತಲ್ಲ. ಕ್ರಿ.ಪೂ. 300ರ ಸುಮಾರಿಗೆ ಸೈಪ್ರಸ್‌ನಿಂದ ಬಂದ, ಈ ಪಂಥದ ಮೂಲಪುರುಷ ಝೀನೋ ಅಥೆನ್ಸಿನ ಚಿತ್ರಭರಿತ ಕಂಬಸಾಲಿನಲ್ಲಿ ಪಾಠ ಹೇಳತೊಡಗಿದ. ಅವನ ನಂತರ ಶಾಲೆಯನ್ನು ನಡೆಸಿದವನು ಕ್ಲಿಯಾಂಥಿಸ್. ಅವನ ಕಥೆಯನ್ನು ಡಯೋಜೆನಿಸ್ ಲೇರ್ಟಿಯಸ್ ಹೇಳಿದ್ದಾನೆ. ಕ್ಲಿಯಾಂಥಿಸ್ ಕಡುಬಡವ. ರಾತ್ರಿಯೆಲ್ಲ ತೋಟಗಳಿಗೆ ನೀರು ಸೇದಿ ಹಗಲು ಪಾಠಕ್ಕೆ ಬರುತ್ತಿದ್ದ. ಕಾಗದದಂಥ ಪಪೈರಸ್ ಕೊಳ್ಳಲು ಹಣವಿಲ್ಲದೆ ಮಡಕೆ ಚೂರುಗಳ ಮೇಲೆ, ಎತ್ತಿನ ಹೆಗಲ ಮೂಳೆಯ ಮೇಲೆ ಗುರುವಿನ ಮಾತುಗಳನ್ನು ಬರೆದುಕೊಳ್ಳುತ್ತಿದ್ದ. ಹಗಲೆಲ್ಲ ತತ್ತ್ವ ಕೇಳುತ್ತ ಕೂರುವ ಇವನ ಮೈಕಟ್ಟು ಇಷ್ಟು ಗಟ್ಟಿಯಾಗಿರುವುದು ಹೇಗೆ, ಜೀವನಕ್ಕೆ ದಾರಿ ಏನು ಎಂದು ಅವನನ್ನು ವಿಚಾರಣೆಗೆ ಎಳೆದರು. ಅವನು ತಾನು ನೀರು ಸೇದುವ ತೋಟದವನನ್ನೂ, ತಾನು ಹಿಟ್ಟು ಬೀಸಿಕೊಡುವ ಹೆಂಗಸನ್ನೂ ಸಾಕ್ಷಿಗೆ ಕರೆತಂದ. ನ್ಯಾಯಾಧೀಶರು ಮೆಚ್ಚಿ ಹಣ ಕೊಡಲು ಮುಂದಾದರು. ತೆಗೆದುಕೊಳ್ಳಬೇಡ ಎಂದ ಝೀನೋ. ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಆ ಇಬ್ಬರು ಸಾಕ್ಷಿಗಳು. ತತ್ತ್ವಜ್ಞಾನಿಯ ಪರವಾಗಿ ನಿಂತು ಮಾತಾಡಿದವರು ತೋಟಗಾರ ಮತ್ತು ಹಿಟ್ಟಿನಾಕೆ.

ಇನ್ನೊಬ್ಬ ಎಪಿಕ್ಟೀಟಸ್. ಇಂದಿನ ಟರ್ಕಿಯ ಪಾಮುಕ್ಕಲೆ ಇರುವ ಹೈರಾಪೊಲಿಸ್‌ನಲ್ಲಿ ಹುಟ್ಟಿ ಗುಲಾಮನಾಗಿ ಬೆಳೆದವನು, ಕುಂಟ, ನೀರೋ ಚಕ್ರವರ್ತಿಯ ಕಾರ್ಯದರ್ಶಿಯಾಗಿದ್ದ ಎಪಫ್ರೊಡಿಟಸ್‌ನ ಆಳು. ಬಿಡುಗಡೆಯಾದ ಮೇಲೆ ತತ್ತ್ವ ಕಲಿಸಿದ. ಡೊಮಿಷಿಯನ್ ತತ್ತ್ವಜ್ಞಾನಿಗಳನ್ನು ಹೊರಹಾಕಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ನಡೆಸಿದ. ತಾನೇನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಬರೆದುಕೊಂಡದ್ದರಲ್ಲಿ ನಾಲ್ಕು ಸಂಪುಟ ಮತ್ತು ಒಂದು ಸಂಗ್ರಹ ಉಳಿದಿವೆ. ಆ ಪಾಠಗಳ ಪ್ರತಿಯೊಂದನ್ನು ತನ್ನ ಮನೆಯಿಂದಲೇ ತಂದು ಮಾರ್ಕಸ್‌ನ ಕೈಗಿತ್ತವನು ಅವನ ಗುರು ರಸ್ಟಿಕಸ್. ಆ ಉಪಕಾರವನ್ನು ಚಕ್ರವರ್ತಿ ಹೆಸರಿಟ್ಟು ನೆನೆದಿದ್ದಾನೆ. ಗುಲಾಮನೊಬ್ಬನ ಮಾತುಗಳನ್ನು ಸಾಮ್ರಾಟನೊಬ್ಬ ಜೀವನದುದ್ದಕ್ಕೂ ಪಠಿಸಿದ ಇಂಥ ಪ್ರಸಂಗ ಇತಿಹಾಸದಲ್ಲಿ ಅಪರೂಪ.

ಎಪಿಕ್ಟೀಟಸ್‌ನ ಪಾಠ ಶುರುವಾಗುವುದೇ ಒಂದು ಗೆರೆಯಿಂದ. ನಮ್ಮ ಅಭಿಪ್ರಾಯ, ನಮ್ಮ ಬಯಕೆ, ನಾವು ಮಾಡಹೊರಡುವ ಕೆಲಸ ಗೆರೆಯ ಈಚೆಗೆ. ದೇಹ, ಆಸ್ತಿ, ಹೆಸರು, ಅಧಿಕಾರ ಆಚೆಗೆ. ಹೇಳುವುದು ಸುಲಭ. ಅವನೇ ಹೇಳುವ ದೀಪದ ಪ್ರಸಂಗದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಮನೆಯ ದೇವರ ಮುಂದಿದ್ದ ಅವನ ಕಬ್ಬಿಣದ ದೀಪವನ್ನು ಕಳ್ಳ ಒಯ್ದ. ನಾಳೆ ಮಣ್ಣಿನ ದೀಪ ತಂದರಾಯಿತು, ಇದ್ದದ್ದನ್ನೇ ತಾನೇ ಮನುಷ್ಯ ಕಳೆದುಕೊಳ್ಳುವುದು ಎಂದುಕೊಂಡ. ಅವನು ಸತ್ತ ಮೇಲೆ ಆ ಮಣ್ಣಿನ ದೀಪವನ್ನು ಯಾರೋ ಮೂರು ಸಾವಿರ ದ್ರಾಕ್ಮಾ ಕೊಟ್ಟು ಕೊಂಡರೆಂದು ಲೂಸಿಯನ್ ಬರೆದಿದ್ದಾನೆ. ಕೊಂಡವನಿಗೆ ಬೇಕಿದ್ದದ್ದು ಎಪಿಕ್ಟೀಟಸ್‌ನ ವಿವೇಕ, ಕೈಗೆ ಬಂದದ್ದು ಮಣ್ಣು.

ಕೆಲಸಕ್ಕೆ ಈ ಗೆರೆಯನ್ನು ಅನ್ವಯಿಸುವುದು ಹೇಗೆ ಎಂಬುದಕ್ಕೆ ಸ್ಟೋಯಿಕರ ಬಿಲ್ಲುಗಾರನ ಉದಾಹರಣೆ ಸಾಕು. ಸಿಸೆರೊ ಅದನ್ನು ಕಿರಿಯ ಕೇಟೋನ (ಕೃಷಿ ಪುಸ್ತಕದವನಲ್ಲ) ಬಾಯಲ್ಲಿ ಹೇಳಿಸಿದ್ದಾನೆ. ಬಿಲ್ಲುಗಾರ ಹೆದೆ ಬಿಗಿಯುತ್ತಾನೆ, ಉಸಿರು ಹಿಡಿಯುತ್ತಾನೆ, ಗುರಿ ಹೂಡುತ್ತಾನೆ, ತನ್ನಿಂದ ಆಗುವುದನ್ನೆಲ್ಲ ಮಾಡುತ್ತಾನೆ. ಬಾಣ ಬಿಟ್ಟ ಮೇಲೆ ಗಾಳಿ ಅವನದಲ್ಲ. ಗುರಿ ತಾಕಲಿ ಎಂಬ ಅಪೇಕ್ಷೆ ಸರಿಯೇ. ಆದರೆ ಬಿಲ್ಲುಗಾರಿಕೆ ಪೂರ್ಣವಾದದ್ದು ಬಾಣ ಬೆರಳನ್ನು ಬಿಟ್ಟ ಕ್ಷಣದಲ್ಲಿ. ಪಾಠ ಹೇಳುವವರು, ಬೆಳೆ ಇಡುವವರು, ಪುಸ್ತಕ ಬರೆಯುವವರು, ರೋಗಿಯನ್ನು ನೋಡಿಕೊಳ್ಳುವವರು ಎಲ್ಲರೂ ಇಂಥ ಬಿಲ್ಲುಗಾರರೇ. ಫಲದ ಚಿಂತೆಯನ್ನು ಬಿಡುವುದೆಂದರೆ ಕೆಲಸದಲ್ಲಿ ಸಡಿಲವಾಗುವುದು ಎಂದು ತಿಳಿದವರಿಗೆ ಈ ಚಿತ್ರ ಉತ್ತರ ಕೊಡುತ್ತದೆ. ಗಾಳಿಯ ಲೆಕ್ಕ ಬಿಟ್ಟವನ ಗಮನವೆಲ್ಲ ಹೆದೆಯ ಮೇಲೇ ಇರುತ್ತದೆ.

ಕನ್ನಡದ ಓದುಗರಿಗೆ ಇಲ್ಲಿ ಗೀತೆ ನೆನಪಾಗುತ್ತದೆ, ಶರಣರ ಕಾಯಕ ನೆನಪಾಗುತ್ತದೆ. ಅದು ಸಹಜ. ಸಾಮ್ಯವನ್ನು ಹೆಚ್ಚು ಎಳೆಯಬಾರದು ಎಂಬುದಷ್ಟೇ ನನ್ನ ಎಚ್ಚರಿಕೆ. ಗೀತೆಯ ಕರ್ಮದ ಹಿಂದೆ ಅರ್ಪಣೆಯಿದೆ, ಕಾಯಕದ ಜೊತೆಗೆ ದಾಸೋಹವಿದೆ. ಮಾರ್ಕಸ್‌ನ ಕೆಲಸದ ಹಿಂದಿರುವುದು ಇಡೀ ಲೋಕ ಒಂದೇ ಊರು, ನಾವೆಲ್ಲ ಅದರ ಒಕ್ಕಲು ಎಂಬ ಭಾವ. ಗೂಡಿಗೆ ಒಳ್ಳೆಯದಲ್ಲದ್ದು ಜೇನುಹುಳುವಿಗೂ ಒಳ್ಳೆಯದಲ್ಲ ಎಂದು ಅವನು ಒಂದೆಡೆ ಬರೆದುಕೊಂಡಿದ್ದಾನೆ. ಇನ್ನೊಂದೆಡೆ ಉಪಕಾರ ಮಾಡುವವರ ಮೂರು ಬಗೆ ಹೇಳುತ್ತಾನೆ. ಒಬ್ಬ ಮಾಡಿದ ಕೂಡಲೇ ಲೆಕ್ಕಕ್ಕೆ ಬರೆದಿಡುತ್ತಾನೆ. ಇನ್ನೊಬ್ಬ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಬಾಕಿ ಇಟ್ಟುಕೊಳ್ಳುತ್ತಾನೆ. ಮೂರನೆಯವನಿಗೆ ತಾನು ಮಾಡಿದ್ದೂ ತಿಳಿಯುವುದಿಲ್ಲ. ಅವನು ಗೊನೆ ಕೊಟ್ಟ ಮೇಲೆ ಮತ್ತೇನನ್ನೂ ಕೇಳದೆ ಮುಂದಿನ ಋತುವಿಗೆ ಅಣಿಯಾಗುವ ದ್ರಾಕ್ಷಿ ಬಳ್ಳಿಯ ಹಾಗೆ. ಕೊಯ್ಲಿನ ದಿನ ದ್ರಾಕ್ಷಿ ಕಿತ್ತು ಬೆವರಿದವನಿಗೆ ಈ ಹೋಲಿಕೆ ಪುಸ್ತಕದಿಂದ ಬಂದದ್ದಲ್ಲ.

ಮೊದಲನೆಯ ಭಾಗದ ಸೊಗಸೇ ಬೇರೆ. ಅದರಲ್ಲಿ ಉಪದೇಶವಿಲ್ಲ, ಇರುವುದು ಋಣದ ಪಟ್ಟಿ ಮಾತ್ರ. ಅಜ್ಜನಿಂದ, ತಾಯಿಯಿಂದ, ಗುರುಗಳಿಂದ, ಗೆಳೆಯರಿಂದ ತನಗೆ ಏನೇನು ಬಂತೆಂದು ಹದಿನೇಳು ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಸಾಕಿದವನಿಂದ ಕಲಿತದ್ದು ರಥದ ಪಂದ್ಯದಲ್ಲಿ ಹಸಿರು ಪಕ್ಷವನ್ನೋ ನೀಲಿ ಪಕ್ಷವನ್ನೋ ಹಿಡಿಯದಿರುವುದು, ತನ್ನ ಕೆಲಸ ತಾನೇ ಮಾಡಿಕೊಳ್ಳುವುದು. ವ್ಯಾಕರಣದ ಗುರು ಅಲೆಕ್ಸಾಂಡರ್‌ನಿಂದ ಕಲಿತದ್ದು ಯಾರಾದರೂ ತಪ್ಪು ಮಾತಾಡಿದರೆ ಮುಖಕ್ಕೆ ಹೊಡೆದಂತೆ ತಿದ್ದದೆ, ಸರಿಯಾದ ಪ್ರಯೋಗವನ್ನು ನಮ್ಮ ಉತ್ತರದಲ್ಲಿ ಜಾಣತನದಿಂದ ತಂದು ಅವರ ಕಿವಿಗೆ ಬೀಳಿಸುವುದು. ತಿದ್ದುವ ಕೆಲಸದಲ್ಲಿರುವ ನನ್ನಂಥವರಿಗೆ, ಮೇಷ್ಟರುಗಳಿಗೆ, ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇನ್ನೊಬ್ಬ ಅಲೆಕ್ಸಾಂಡರ್, ಪ್ಲೇಟೋನ ಅನುಯಾಯಿ. ಅವನಿಂದ ಬಂದದ್ದು ಒಂದೇ ಸಂಗತಿ. ತೀರ ಅಗತ್ಯವಿಲ್ಲದೆ ಯಾರಿಗೂ ತನಗೆ ಬಿಡುವಿಲ್ಲ ಎಂದು ಹೇಳಬಾರದು, ಕಾಗದದಲ್ಲೂ ಬರೆಯಬಾರದು. ತುರ್ತು ಕೆಲಸದ ನೆಪ ಹೇಳಿ ಜೊತೆಗೆ ಬಾಳುವವರ ಋಣದಿಂದ ಜಾರಿಕೊಳ್ಳಬಾರದು. ಇದನ್ನು ಬರೆದುಕೊಂಡವನ ಮೇಜಿನ ಮೇಲೆ ಯುದ್ಧ, ಸಾಂಕ್ರಾಮಿಕ, ಖಾಲಿ ಖಜಾನೆ ಮೂರೂ ಇದ್ದವು. ಯುದ್ಧದ ಖರ್ಚಿಗೆ ಅರಮನೆಯ ಬೆಲೆಬಾಳುವ ವಸ್ತುಗಳನ್ನು ರೋಮ್‌ನ ಸಾರ್ವಜನಿಕ ಚೌಕದಲ್ಲಿ ಹರಾಜಿಗಿಟ್ಟನೆಂದು ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಅಂಥವನು ಬಿಡುವಿಲ್ಲ ಎಂಬ ಮಾತನ್ನು ಹಿಡಿತದಲ್ಲಿಟ್ಟ. ನಾನು ಕಂಡ ಕಚೇರಿಗಳಲ್ಲಿ, ಮನೆಗಳಲ್ಲಿ, ಫೋನಿನ ಸಂದೇಶಗಳಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಬರುವ ಮಾತು ‘ಬಿಜಿ ಇದ್ದೀನಿ’. ಅದನ್ನು ಒಂದು ವಾರ ಬಾಯಿಂದ ಹೊರಡದಂತೆ ತಡೆದು ನೋಡಿದರೆ ಮಾರ್ಕಸ್ ಕಲಿತದ್ದು ಎಷ್ಟು ಕಷ್ಟದ್ದೆಂದು ಗೊತ್ತಾಗುತ್ತದೆ. ಆ ಮಾತಿಲ್ಲದೆ ಹೋದರೆ ಎದುರಿನವರಿಗೆ ನಿಜವಾದ ಕಾರಣವನ್ನೇ ಹೇಳಬೇಕಾಗುತ್ತದೆ, ಇಲ್ಲವೇ ಅವರ ಕೆಲಸ ಮಾಡಿಕೊಡಬೇಕಾಗುತ್ತದೆ.

ಆ ಪಟ್ಟಿಯಲ್ಲಿ ದೊಡ್ಡ ಚಿತ್ರ ಅವನನ್ನು 138ರಲ್ಲಿ ದತ್ತು ತೆಗೆದುಕೊಂಡ ಆಂಟೊನೈನಸ್ ಪಯಸ್‌ನದು. ಇಪ್ಪತ್ಮೂರು ವರ್ಷ ಅವನ ಜೊತೆ ಬಾಳಿ ಕಂಡದ್ದನ್ನೆಲ್ಲ ಮಾರ್ಕಸ್ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯೋಚಿಸಿ ತೀರ್ಮಾನಿಸಿದ ಮೇಲೆ ಅಲುಗದಿರುವುದು. ಲೋಕಕ್ಕೆ ಉಪಯೋಗವಾಗುವ ಮಾತನ್ನು ಯಾರು ಹೇಳಿದರೂ ಕೇಳಿಸಿಕೊಳ್ಳುವುದು. ತನಗಿಂತ ಹೆಚ್ಚು ಬಲ್ಲವರನ್ನು ಕಂಡು ಕರುಬದೆ, ಅವರವರ ವಿದ್ಯೆಯಲ್ಲಿ ಅವರಿಗೆ ಹೆಸರು ಬರುವಂತೆ ನೋಡಿಕೊಳ್ಳುವುದು. ಊಟ, ಬಟ್ಟೆಗಳ ಬಗ್ಗೆ ಗೀಳಿಲ್ಲದಿರುವುದು. ಈ ದೊಡ್ಡ ಗುಣಗಳ ನಡುವೆ ಒಂದು ಪುಟ್ಟ ವಿವರ ಬರುತ್ತದೆ: ತೀವ್ರ ತಲೆನೋವು ಬಂದು ಹೋದ ಕೂಡಲೇ ಅವನು ಹೊಸ ಹುರುಪಿನಿಂದ ತನ್ನ ಕೆಲಸಕ್ಕೆ ಮರಳುತ್ತಿದ್ದ. ಈ ತಲೆನೋವನ್ನು ಕಲ್ಪಿಸಿ ಬರೆಯಲು ಬರುವುದಿಲ್ಲ. ಪಕ್ಕದ ಕೋಣೆಯಲ್ಲಿ ಬೆಳೆದ ಹುಡುಗ ಮಾತ್ರ ಕಾಣುವ ಸಂಗತಿ ಅದು. ಬೇರೆಯವರ ಒಳ್ಳೆಯತನವನ್ನು ಇಷ್ಟು ಬಿಡಿಬಿಡಿಯಾಗಿ, ಇಷ್ಟು ಚೊಕ್ಕವಾಗಿ ನೆನಪಿಟ್ಟುಕೊಳ್ಳುವುದೇ ಒಂದು ಸಾಧನೆ. ವ್ಯಕ್ತಿತ್ವ ವಿಕಸನ ಎಂದು ಇಂದು ಕರೆಯುವ ಇಡೀ ವ್ಯವಹಾರ ಮಾರ್ಕಸ್‌ನಲ್ಲಿ ಕೃತಜ್ಞತೆಯಿಂದ ಶುರುವಾಗುತ್ತದೆ. ನಮ್ಮ ಕಾಲದ ಕೈಪಿಡಿಗಳು ಗುರಿಯಿಂದ ಶುರುಮಾಡುತ್ತವೆ. ಈ ವ್ಯತ್ಯಾಸ ಸಣ್ಣದಲ್ಲ.

ಅವನು ಅಧಿಕಾರವನ್ನು ನೋಡಿದ ಬಗೆಯನ್ನೂ ಹೇಳಬೇಕು. ಮೈಮೇಲಿನ ರಾಜಕೆಂಪು ಉಡುಪು ಕುರಿಯ ತುಪ್ಪಟ, ಚಿಪ್ಪಿನ ಹುಳುವಿನ ರಕ್ತದಲ್ಲಿ ಅದ್ದಿದ್ದು. ಹೆಸರಾಂತ ಫಲೆರ್ನಿಯನ್ ಮದ್ಯ ಎಂದರೆ ದ್ರಾಕ್ಷಿಯ ರಸ. ತಟ್ಟೆಯ ಭಕ್ಷ್ಯ ಸತ್ತ ಮೀನು. ಈ ಟಿಪ್ಪಣಿ ಓದಿ ಇವನಿಗೆ ರುಚಿಯೇ ಇಲ್ಲವೆಂದು ಹಲವರು ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ರೊಟ್ಟಿಯ ಬಿರುಕನ್ನು ಮೆಚ್ಚಿದವನೇ ಇಲ್ಲಿ ಉಡುಪಿನ ಬಣ್ಣವನ್ನು ತೊಳೆಯುತ್ತಿದ್ದಾನೆ. ವಸ್ತುವಿಗೆ ತನ್ನದೇ ಆದ ಚೆಲುವಿದ್ದಲ್ಲಿ ಅವನು ನಿಂತು ನೋಡುತ್ತಾನೆ. ಜನರ ಹೊಗಳಿಕೆ ಮೆತ್ತಿದ ಹೊಳಪಿದ್ದಲ್ಲಿ ಅದನ್ನು ಕೆರೆದು ಹಾಕುತ್ತಾನೆ. ಚಕ್ರವರ್ತಿತನದ ಬಣ್ಣ ತನ್ನೊಳಗೆ ಇಳಿಯದಿರಲಿ ಎಂದು ಆರನೆಯ ಭಾಗದಲ್ಲಿ ತನ್ನನ್ನು ಎಚ್ಚರಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಅವನ ದುಃಖ ಎಲ್ಲಿದೆ ಎಂದು ಕೇಳುವವರಿಗೆ ಒಂಬತ್ತನೆಯ ಭಾಗದ ಒಂದು ಟಿಪ್ಪಣಿ ಇದೆ. ಮಾರ್ಕಸ್ ಮತ್ತು ಫಾಸ್ಟಿನಾ ದಂಪತಿಗೆ ಕನಿಷ್ಠ 13 ಮಕ್ಕಳು. ಅವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮಗುವನ್ನು ಕಳೆದುಕೊಳ್ಳದಿರಲಿ ಎಂದು ಬೇಡುವ ಬದಲು, ಕಳೆದುಕೊಳ್ಳುವ ಭಯ ಇಲ್ಲದಿರಲಿ ಎಂದು ಬೇಡಲು ಅವನು ತನಗೆ ಹೇಳಿಕೊಳ್ಳುತ್ತಾನೆ. ಅದನ್ನು ತಣ್ಣಗಿನ ಮಾತೆಂದು ಓದುವವರು ಅವನ ಮನೆಯ ಚರಿತ್ರೆಯನ್ನು ಮರೆತಿರುತ್ತಾರೆ. ಮತ್ತೆ ಮತ್ತೆ ಸುಟ್ಟ ಕೈ ಬರೆದ ಸಾಲು ಅದು.

ಹೀಗೆಂದು ಅವನಲ್ಲಿ ಕೊರತೆಯಿಲ್ಲವೆಂದಲ್ಲ. ಎಪಿಕ್ಟೀಟಸ್‌ನ ಮಾತುಗಳನ್ನು ಎದೆಗಿಟ್ಟುಕೊಂಡವನ ಆಳ್ವಿಕೆಯಲ್ಲೂ ಗುಲಾಮಗಿರಿ ಹಾಗೇ ಉಳಿಯಿತು. 177ರಲ್ಲಿ ಲಿಯಾನ್‌ನಲ್ಲಿ ಕ್ರೈಸ್ತರನ್ನು ಹಿಂಸಿಸಿ ಕೊಂದದ್ದು ಅವನ ಕಾಲದಲ್ಲೇ. ಅವನ ನಂತರ ಪಟ್ಟಕ್ಕೆ ಬಂದ ಮಗ ಕೊಮೋಡಸ್ ಕೆಟ್ಟ ದೊರೆಯೆಂದು ಹೆಸರಾದ. ತನ್ನೊಳಗಿನದನ್ನು ತಿದ್ದಿಕೊಳ್ಳುವ ತತ್ತ್ವ ಹೊರಗಿನ ಅನ್ಯಾಯವನ್ನು ತಿದ್ದಲು ಸಾಕಾಗುವುದಿಲ್ಲ. ಈ ಮಿತಿಯನ್ನು ತಿಳಿದೇ ಈ ಪುಸ್ತಕವನ್ನು ಪ್ರೀತಿಸಬೇಕು.

ಒಮ್ಮೆ ಓದಿದವರು ದೂರುವುದುಂಟು, ಹೇಳಿದ್ದನ್ನೇ ಹೇಳುತ್ತಾನೆ ಎಂದು. ಸಾವು ಹತ್ತಿರವಿದೆ, ಕೀರ್ತಿ ಹೊಗೆ, ಎದುರಿನವನು ತಿಳಿಯದೆ ತಪ್ಪು ಮಾಡುತ್ತಾನೆ, ಅಡ್ಡ ಬಂದದ್ದನ್ನೇ ಕೆಲಸಕ್ಕೆ ಬಳಸಿಕೋ. ಇವೇ ನಾಲ್ಕಾರು ಮಾತುಗಳು ಹನ್ನೆರಡು ಭಾಗಗಳಲ್ಲೂ ಸುತ್ತುತ್ತವೆ. ನಿಜ. ಐವತ್ತು ವರ್ಷ ಹಾಡಿದ ವಿದ್ವಾಂಸರು ಬೆಳಿಗ್ಗೆ ಎದ್ದು ಶ್ರುತಿ ಹಿಡಿದು ಸರಳೆ ವರಸೆಗೆ ಕೂರುವುದನ್ನು ಕೇಳಿದವರಿಗೆ ಈ ಪುನರುಕ್ತಿ ಬೇಸರ ತರಿಸುವುದಿಲ್ಲ. ಫ್ರೆಂಚ್ ವಿದ್ವಾಂಸ ಪಿಯೆರ್ ಹಡೋ 1992ರಲ್ಲಿ ಈ ಪುಸ್ತಕದ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನೇ ವಿವರವಾಗಿ ತೋರಿಸಿದರು. ಹೊಸ ವಿಚಾರ ಹೇಳಲು ಬರೆದದ್ದಲ್ಲ ಇದು, ತಿಳಿದ ವಿಚಾರ ಆ ದಿನಕ್ಕೆ ಮತ್ತೆ ಜೀವ ತಳೆಯಲೆಂದು ಮಾಡಿದ ಅಭ್ಯಾಸ ಎಂಬುದು ಅವರ ವಾದ. ಹಾಗೆ ಓದಿದರೆ ಪ್ರತಿ ಸಲವೂ ಮಾತು ಹೇಗೆ ಹೊರಳುತ್ತದೆ ಎಂಬುದರಲ್ಲೇ ಸ್ವಾರಸ್ಯ. ಸೌತೆಕಾಯಿ ಕಹಿಯೇ, ಬಿಸಾಡು. ದಾರಿಯಲ್ಲಿ ಮುಳ್ಳೇ, ಬಳಸಿ ಹೋಗು. ಲೋಕದಲ್ಲಿ ಇವೆಲ್ಲ ಏಕಿವೆ ಎಂದು ಮಾತ್ರ ಕೇಳಬೇಡ, ಬಡಗಿಯ ಅಂಗಡಿಯಲ್ಲಿ ಸಿಪ್ಪೆ, ಪುಡಿ ಏಕೆ ಬಿದ್ದಿದೆ ಎಂದು ಕೇಳಿದವನನ್ನು ಬಡಗಿ ನೋಡಿ ನಕ್ಕಾನು. ಎಂಟನೆಯ ಭಾಗದಲ್ಲಿ ಬರುವ ಈ ಹೊರಳು ನನಗೆ ಇಡೀ ಪುಸ್ತಕದ ಅತ್ಯಂತ ಲವಲವಿಕೆಯ ಜಾಗ.

ಮಾರ್ಕಸ್ ಸತ್ತದ್ದು 180ರ ಮಾರ್ಚ್ 17ರಂದು, ಅದೇ ಡ್ಯಾನ್ಯೂಬ್ ಯುದ್ಧದ ಬಿಡಾರದಲ್ಲಿ. ಪುಸ್ತಕ ಹೇಗೆ ಉಳಿಯಿತೆಂಬುದೂ ಬೆರಗಿನ ಸಂಗತಿ. ಜ್ಯೂರಿಕ್‌ನಲ್ಲಿ 1559ರಲ್ಲಿ ಕ್ಸೈಲಾಂಡರ್ ಎಂಬ ವಿದ್ವಾಂಸ ಇದನ್ನು ಲ್ಯಾಟಿನ್ ಅನುವಾದದೊಡನೆ ಮೊದಲ ಬಾರಿಗೆ ಅಚ್ಚು ಹಾಕಿಸಿದ. ಅದಕ್ಕೆ ಆಧಾರವಾದ ಹಸ್ತಪ್ರತಿ ಆಮೇಲೆ ಕಳೆದುಹೋಯಿತು. ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರುವ ಇನ್ನೊಂದು ಪ್ರತಿ ವ್ಯಾಟಿಕನ್ನಿನಲ್ಲಿದೆ.

ಈಗ ಅವನ ಹೆಸರಿನಲ್ಲಿ ದಿನಕ್ಕೊಂದು ಸುಭಾಷಿತ ಫೋನಿಗೆ ಬರುತ್ತದೆ. ಹೆಚ್ಚು ದುಡಿಯಲು, ಹೆಚ್ಚು ಗಳಿಸಲು, ಎದುರಾಳಿಯನ್ನು ಮೀರಿಸಲು ಅವನನ್ನು ಕರೆತರುತ್ತಾರೆ. ಅವುಗಳಲ್ಲಿ ಎಷ್ಟೋ ಅವನ ಮಾತುಗಳೇ ಅಲ್ಲ. ದಯವಿಟ್ಟು ಅವನನ್ನು ಅಲ್ಲಿ ಓದಬೇಡಿ. ಇಂಗ್ಲಿಷಿನಲ್ಲಿ ಜಾರ್ಜ್ ಲಾಂಗ್ 1862ರಲ್ಲಿ ಮಾಡಿದ ಅನುವಾದ ಹಳೆಯ ಗಾಂಭೀರ್ಯದ್ದು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಗ್ರೆಗರಿ ಹೇಯ್ಸ್ 2002ರಲ್ಲಿ ಮಾಡಿದ್ದು ಕಾಲೇಜು ಓದುವ ಮಕ್ಕಳಿಗೂ ತೊಡಕಿಲ್ಲದೆ ಅರ್ಥವಾಗುತ್ತದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮನೆ ಓದುವ ಪುಸ್ತಕ ಇದಲ್ಲ. ಐದನೆಯ ಭಾಗದ ಮೊದಲ ಪುಟದಿಂದ ತೊಡಗಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಂದು ಟಿಪ್ಪಣಿ ಓದಿ ಮುಚ್ಚಿಡಿ. ಎರಡನೆಯದನ್ನು ನಾಳೆಗೆ ಉಳಿಸಿಕೊಳ್ಳಿ.